ಕೆಲಸಕ್ಕೂ ಮನುಷ್ಯನಿಗೂ ನಡುವಣ ಹಾದಿ

ನಿರುದ್ಯೋಗದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಹುದ್ದೆಗಳನ್ನು ಎಣಿಸುವ ರೂಢಿಯಿದೆ: ಎಷ್ಟು ಖಾಲಿ ಇವೆ, ಎಷ್ಟು ತುಂಬಿವೆ, ಯಾವ ವರ್ಗಕ್ಕೆ ಎಷ್ಟು ಪಾಲು, ಯಾವ ಪ್ರಾಂತ್ಯಕ್ಕೆ ಎಷ್ಟು ಮೀಸಲು. ಈ ಎಣಿಕೆ ಅನವಶ್ಯಕವೆಂದು ಯಾರೂ ಹೇಳಲಾರರು; ಯಾದಗಿರಿಯಂಥ ಜಿಲ್ಲೆಯವರಂತೂ ಹೇಳಲೇ ಕೂಡದು, ಏಕೆಂದರೆ ಇಂಥ ಎಣಿಕೆಯ ಬಲದಿಂದಲೇ, ದೀರ್ಘಕಾಲದ ಹೋರಾಟದ ತರುವಾಯ, ಸಂವಿಧಾನದ 98ನೆಯ ತಿದ್ದುಪಡಿಯಿಂದ ಹುಟ್ಟಿದ 371 (ಜೆ) ವಿಧಿ 2013ರಲ್ಲಿ ಜಾರಿಗೆ ಬಂದು, ಕಲ್ಯಾಣ ಕರ್ನಾಟಕದ ಸರಕಾರಿ ಕಚೇರಿಗಳ ‘ಡಿ’ ದರ್ಜೆಯ ಹುದ್ದೆಗಳಲ್ಲಿ ಶೇ 85, ‘ಸಿ’ ದರ್ಜೆಯಲ್ಲಿ ಶೇ 80, ಅವಕ್ಕೂ ಮೇಲಿನವುಗಳಲ್ಲಿ ಶೇ 75ರಷ್ಟು ಇಲ್ಲಿಯವರಿಗೇ ಸಲ್ಲತಕ್ಕದ್ದೆಂದು ಗೊತ್ತಾಯಿತು. ಆದರೆ ಹುದ್ದೆಯೊಂದು ಇದೆಯೆಂಬುದಕ್ಕೂ ಅದು ಇಂಥ ಒಬ್ಬ ಮನುಷ್ಯನ ಕೈಗೆ ಎಟಕುತ್ತದೆಂಬುದಕ್ಕೂ ನಡುವೆ ಒಂದು ಹಾದಿಯುಂಟು. ಓದು ಬಲ್ಲವನಿಗೆ, ಕಾಲು ಗಟ್ಟಿಯಿದ್ದವನಿಗೆ, ಕಚೇರಿಯಲ್ಲಿ ಒಬ್ಬ ಪರಿಚಯದವನಿದ್ದವನಿಗೆ ಆ ಹಾದಿ ಇದೆಯೆಂಬುದೇ ತಿಳಿಯುವುದಿಲ್ಲ. ಇಲ್ಲದವನಿಗೆ ಅದು ಆಯುಷ್ಯವೆಲ್ಲ ನಡೆದರೂ ಸವೆಯುವುದಿಲ್ಲ. ನಮ್ಮ ಯೋಜನೆಗಳೆಲ್ಲ ಹಾದಿಯ ಆಚೆಯ ತುದಿಯಲ್ಲಿ ನಿಂತು ಕೂಗುತ್ತವೆ, ಈಚೆಯ ತುದಿಯಿಂದ ಕೈ ಹಿಡಿದು ನಡೆಸುವವರು ಯಾರೆಂಬುದನ್ನು ಮಾತ್ರ ಯಾವುದೂ ನೆಟ್ಟಗೆ ಹೇಳುವುದಿಲ್ಲ ಎಂಬುದು ಈ ಬರಹದ ಆಕ್ಷೇಪ.

ಜಿಲ್ಲೆಯ ಬಗೆಗೆ ಅಂಕಿಗಳು ಹೇಳುವುದನ್ನು ಮೊದಲು ಹೇಳಿ ಮುಗಿಸುವುದು ಲೇಸು. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ತನ್ನ ವರದಿಯನ್ನು ಒಪ್ಪಿಸಿದಾಗ ಯಾದಗಿರಿ, ಶಹಾಪುರ, ಸುರಪುರ ಮೂರೂ ತಾಲ್ಲೂಕುಗಳು ‘ಅತ್ಯಂತ ಹಿಂದುಳಿದ’ ಪಂಕ್ತಿಯಲ್ಲಿ ಕುಳಿತಿದ್ದುವು. ಹೊಸ ಜಿಲ್ಲೆಯಾದ ಬಳಿಕ ನಡೆದ 2011ರ ಜನಗಣತಿಯಲ್ಲಿ ಇಲ್ಲಿಯ ಅಕ್ಷರಸ್ಥರ ಪ್ರಮಾಣ ಶೇ 51.83, ಹೆಂಗಸರಲ್ಲಿ ಶೇ 41ರ ಆಸುಪಾಸು, ರಾಜ್ಯದಲ್ಲಿಯೇ ಕಟ್ಟಕಡೆಯದು. 2018ರಲ್ಲಿ ಕೇಂದ್ರ ಸರಕಾರವು ‘ಮಹತ್ವಾಕಾಂಕ್ಷೆಯ ಜಿಲ್ಲೆ’ಗಳೆಂದು ಕೆಲವನ್ನು ಆರಿಸಿದಾಗ ಕರ್ನಾಟಕದಿಂದ ಆ ಪಟ್ಟಿ ಸೇರಿದವು ಎರಡೇ, ರಾಯಚೂರು ಮತ್ತು ಯಾದಗಿರಿ. ಹಿಂದುಳಿದದ್ದೆಂಬ ಬಿರುದನ್ನು ಇಷ್ಟು ಸಲ, ಇಷ್ಟು ಅಧಿಕೃತವಾಗಿ, ಒಮ್ಮೊಮ್ಮೆ ಇಷ್ಟು ಇಂಪಾದ ಹೆಸರಿನಲ್ಲಿ ಪಡೆದ ನೆಲ ಬೇರೊಂದು ಇದ್ದೀತೋ ಇಲ್ಲವೋ.

ಹಾಗೆಂದು ಇದು ಬರಡು ನಾಡಲ್ಲ. ಕೃಷ್ಣೆ ಭೀಮೆಯರೆಂಬ ಎರಡು ಮಹಾನದಿಗಳು ಇದರ ಮೈಯ ಮೇಲೆ ಹರಿದಿವೆ. ಆಲಮಟ್ಟಿಯಲ್ಲಿ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಕೃಷ್ಣಾ ಮೇಲ್ದಂಡೆ ಯೋಜನೆ, ನಾರಾಯಣಪುರದ ಬಸವಸಾಗರದಿಂದ ಹೊರಟ ಎಡದಂಡೆ ಕಾಲುವೆಯಾಗಿ ಸುರಪುರ, ಶಹಾಪುರಗಳ ಎರೆಭೂಮಿಗೆ ನೀರು ತಂದು, ಜೋಳ ತೊಗರಿಗಳ ಹೊಲಗಳಲ್ಲಿ ಭತ್ತದ ಗದ್ದೆಗಳನ್ನು ಎಬ್ಬಿಸಿತು. ಆಂಧ್ರದಿಂದ ಬಂದ ಬೇಸಾಯಗಾರರು ಕ್ಯಾಂಪುಗಳನ್ನು ಹಾಕಿಕೊಂಡು ನೆಲೆನಿಂತರು. ನಾಟಿಯ ಕಾಲದಲ್ಲಿ, ಹತ್ತಿ ಬಿಡಿಸುವ ಕಾಲದಲ್ಲಿ ಕೂಲಿಯವರು ಸಾಲದೆಂಬ ದೂರೂ ಕೇಳಿಬರುತ್ತದೆ. ಆದರೆ ಕಾಲುವೆ ಮುಟ್ಟದ ಕಡೆಗೆ, ಮುಖ್ಯವಾಗಿ ಯಾದಗಿರಿ ಗುರುಮಠಕಲ್ಲುಗಳ ಮಳೆಯಾಶ್ರಿತ ಸೀಮೆಗೆ ಬಂದರೆ, ಸುಗ್ಗಿ ಮುಗಿದ ಮೇಲೆ ಊರಿನ ಅರ್ಧ ಮನೆಗಳ ಮುಂದೆ ಮುದುಕರು ಮಾತ್ರ ಕುಳಿತಿರುತ್ತಾರೆ. ಮಗನೆಲ್ಲಿ, ಸೊಸೆಯೆಲ್ಲಿ ಎಂದು ಕೇಳಿದರೆ, “ದುಡೀಲಿಕ್ಕ ಬೆಂಗಳೂರಿಗಿ ಹೋಗ್ಯಾರ್ರಿ” ಎಂಬ ಒಂದೇ ಉತ್ತರ. ಬೆಂಗಳೂರಿನ ಸ್ಥಾನದಲ್ಲಿ ಪುಣೆಯೋ ಮುಂಬಯಿಯೋ ಹೈದರಾಬಾದೋ ಇದ್ದೀತು. ಮೇಸ್ತ್ರಿ ಕೊಟ್ಟ ಮುಂಗಡ ಹಣ ಕೈಯಲ್ಲಿ, ಪಾತ್ರೆಪಗಡದ ಗಂಟು ತಲೆಯ ಮೇಲೆ, ಕೂಸು ಬಗಲಲ್ಲಿ. ಹೀಗೆ ಹೊರಟವರು ಎಷ್ಟು ಮಂದಿಯೆಂಬುದು ನಾಡಿಗೆ ಸ್ವಲ್ಪವಾದರೂ ಗೋಚರವಾದದ್ದು 2020ರ ಬೇಸಗೆಯಲ್ಲಿ, ಮಹಾನಗರಗಳು ಬಾಗಿಲಿಕ್ಕಿಕೊಂಡು ಇವರೆಲ್ಲ ತಿರುಗಿ ಬಂದು ಶಾಲೆಗಳ ಕ್ವಾರಂಟೈನು ಕೋಣೆಗಳಲ್ಲಿ ದಿನ ಎಣಿಸಿದಾಗ.

ಗುಳೆಯ ಸಂಗತಿ ಪತ್ರಿಕೆಗಳಲ್ಲಿ ವರ್ಷಕ್ಕೊಮ್ಮೆಯಾದರೂ ಬರುತ್ತದೆ. ಬಾರದಿರುವುದು ಅದರ ಆಚೆಯ ಸಂಗತಿ. ಗುಳೆ ಹೋಗುವುದಕ್ಕೂ ಒಂದು ಅರ್ಹತೆ ಬೇಕು: ಮೈಯಲ್ಲಿ ಕಸುವಿರಬೇಕು, ಮನೆಯಲ್ಲಿ ಹಾಸಿಗೆ ಹಿಡಿದವರು ಇರಕೂಡದು, ಇದ್ದರೆ ನೋಡಿಕೊಳ್ಳಲು ಮತ್ತೊಬ್ಬರಿರಬೇಕು. ಮೂರನೆಯ ಅಂತಸ್ತಿನ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡು ಊರಿಗೆ ಮರಳಿದವನನ್ನು ಮೇಸ್ತ್ರಿ ಎರಡನೆಯ ಸಲ ಕರೆಯುವುದಿಲ್ಲ. ಬಾಲ್ಯದ ಪೋಲಿಯೋದಿಂದ ಕಾಲು ಸೊರಗಿದವನು, ಕಣ್ಣು ಮಂಜಾದವನು, ಮಾತು ಬಾರದ ಹುಡುಗಿ, ಬುದ್ಧಿಮಾಂದ್ಯದ ಮಗನನ್ನು ಬಿಟ್ಟು ಅಗಲಲಾರದ ತಾಯಿ. ಕಾನೂನು 1982ರಲ್ಲಿ ನಿಷೇಧಿಸಿದ ದೇವದಾಸಿ ಪದ್ಧತಿಗೆ ಎಳೆವೆಯಲ್ಲಿ ಸಿಕ್ಕು, ಈಗ ವಯಸ್ಸು ಮೀರಿ, ಯಾವ ಕೆಲಸಕ್ಕೆ ಹೋದರೂ ಹಿಂದಿನ ಹೆಸರೇ ಮುಂದಾಗಿ ಬರುವ ಹೆಂಗಸು. ಜೈಲಿನಿಂದಲೋ ಹುಚ್ಚಾಸ್ಪತ್ರೆಯೆಂದು ಜನ ಇಂದಿಗೂ ಕರೆಯುವ ಆಸ್ಪತ್ರೆಯಿಂದಲೋ ಹೊರಬಂದವನು. ಇವರೆಲ್ಲರೂ ಊರಿನಲ್ಲಿಯೇ ಇದ್ದಾರೆ, ಊರಿನ ಲೆಕ್ಕದಲ್ಲಿ ಮಾತ್ರ ಇಲ್ಲ. ಇವರಿಗೆ ಕೆಲಸ ಕೊಡಿರೆಂದು ಕೇಳಿದರೆ, ಪಿಂಚಣಿ ಬರುತ್ತದಲ್ಲ ಎಂಬ ಉತ್ತರ ಬರುತ್ತದೆ. ಆ ಉತ್ತರ ಕೊಡುವವರು ಆ ಪಿಂಚಣಿಯ ಹಣದಲ್ಲಿ ಒಂದು ವಾರ ಬದುಕಿ ನೋಡಿದವರಲ್ಲ.

ಇವರ ಮುಂದಿರುವ ಹಾದಿಯನ್ನು ಒಂದು ಉದಾಹರಣೆಯಿಂದ ಅಳೆಯೋಣ. ವಿಕಲಚೇತನರ ಹಕ್ಕುಗಳ 2016ರ ಕಾಯಿದೆ ಹಳೆಯ ಏಳು ಬಗೆಗಳ ಸ್ಥಾನದಲ್ಲಿ 21 ಬಗೆಯ ವೈಕಲ್ಯಗಳನ್ನು ಮಾನ್ಯಮಾಡಿ, ಸರಕಾರಿ ಹುದ್ದೆಗಳಲ್ಲಿ ಶೇ 4ಕ್ಕೆ ಕಡಿಮೆಯಾಗದ ಪಾಲನ್ನು ಕಾದಿರಿಸಿತು. ಆದರೆ ಆ ಪಾಲಿಗೆ ಕೈಚಾಚುವ ಮೊದಲು ವೈಕಲ್ಯವು ಶೇ 40ಕ್ಕೆ ಕಡಿಮೆಯಿಲ್ಲವೆಂದು ವೈದ್ಯರು ಬರೆದುಕೊಟ್ಟ ಪ್ರಮಾಣಪತ್ರವೂ ಯುಡಿಐಡಿ ಎಂಬ ವಿಶಿಷ್ಟ ಗುರುತಿನ ಕಾರ್ಡೂ ಬೇಕು. ನಾರಾಯಣಪುರದ ಆಸುಪಾಸಿನ ಹಳ್ಳಿಯವನು ಅದಕ್ಕಾಗಿ ಜಿಲ್ಲಾ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ, ಹುಣಸಗಿ, ಸುರಪುರ, ಶಹಾಪುರಗಳನ್ನು ಒಂದೊಂದಾಗಿ ದಾಟಿ, ಭೀಮೆಯ ಸೇತುವೆಯನ್ನು ಹಾದು ಯಾದಗಿರಿಯನ್ನು ಮುಟ್ಟಬೇಕು. ಅಂದರೆ ಜಿಲ್ಲೆಯ ಒಂದು ತುದಿಯಿಂದ ಮತ್ತೊಂದಕ್ಕೆ. ಒಬ್ಬನೇ ಹೋಗಲಾರನಾದ್ದರಿಂದ ಜೊತೆಗೆ ಅಣ್ಣನೋ ತಾಯಿಯೋ ಬರಬೇಕು, ಎಂದರೆ ಎರಡು ಕೂಲಿ ಹೋಯಿತು. ತಾಯಿ ಬಂದರೆ 2023ರ ಶಕ್ತಿ ಯೋಜನೆಯಿಂದಾಗಿ ಆಕೆಯ ಬಸ್ಸಿನ ದುಡ್ಡು ಉಳಿದೀತು, ಅದು ನಿಜವಾದ ಉಪಕಾರವೇ ಸರಿ. ಆದರೆ ಸೀಟಿಲ್ಲದ ಬಸ್ಸಿನಲ್ಲಿ ಊರುಗೋಲಿನವನನ್ನು ಹತ್ತಿಸಿ ನಿಲ್ಲಿಸಿಕೊಂಡು ಬರುವ ಕಷ್ಟ ತಪ್ಪುವುದಿಲ್ಲ. ಬಂದ ದಿನ ತಜ್ಞ ವೈದ್ಯರು ರಜೆ ಇದ್ದರೆ ಮತ್ತೊಂದು ದಿನ. ಆಧಾರ್ ಕಾರ್ಡಿನಲ್ಲಿ ಹೆಸರು ಒಂದು ಬಗೆ, ಶಾಲೆಯ ಟಿಸಿಯಲ್ಲಿ ಮತ್ತೊಂದು ಬಗೆಯಿದ್ದರೆ ಮಗದೊಂದು ದಿನ. ಇಷ್ಟೆಲ್ಲ ಮುಗಿಸಿ ಕಾರ್ಡು ಕೈಗೆ ಬಂದಾಗ ಕೆಲಸ ಸಿಕ್ಕಿತೆಂದಲ್ಲ. ಕೆಲಸವನ್ನು ಕೇಳುವ ಯೋಗ್ಯತೆ ಸಿಕ್ಕಿತು, ಅಷ್ಟೆ.

ಇಂಥವನಿಗೆ ನಾವು ತೋರಿಸುವುದು ಉದ್ಯೋಗ ಮೇಳವನ್ನು. ಶಾಮಿಯಾನ, ಉದ್ಘಾಟನೆ, ದೀಪ, ಮಂತ್ರಿಗಳ ಭಾಷಣ, ಮೇಜುಗಳ ಹಿಂದೆ ಬೆಂಗಳೂರು ಹೈದರಾಬಾದುಗಳ ಕಂಪನಿಯ ತರುಣರು. ಮೇಳಗಳಿಂದ ಯಾರಿಗೂ ಲಾಭವಿಲ್ಲವೆಂದು ನಾನು ಹೇಳೆನು. ಐಟಿಐ ಮುಗಿಸಿದ ಶಹಾಪುರದ ಹುಡುಗನಿಗೆ ಅಲ್ಲಿ ದಾರಿ ಸಿಕ್ಕಿರುವುದುಂಟು. ಆದರೆ ಮೇಳದ ಸ್ವಭಾವವೇ ಜರಡಿಯದು: ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳಬಲ್ಲವನನ್ನು, ನಾಳೆಯೇ ಊರು ಬಿಡಬಲ್ಲವನನ್ನು ಅದು ಎತ್ತಿಕೊಳ್ಳುತ್ತದೆ, ಉಳಿದವರನ್ನು ಒಂದು ಅರ್ಜಿಯ ಪ್ರತಿಯೊಂದಿಗೆ ಮನೆಗೆ ಕಳಿಸುತ್ತದೆ. ಯಾರಿಗೆ ಅಡ್ಡಿಗಳು ಕಡಿಮೆಯೋ ಅವರಿಗೆ ನೆರವು ಹೆಚ್ಚು, ಯಾರಿಗೆ ಹೆಚ್ಚೋ ಅವರಿಗೆ ಕಡಿಮೆ ಎಂಬ ಈ ವಿಪರೀತ ನ್ಯಾಯವನ್ನು ನಾವು ಯಶಸ್ಸೆಂದು ವರದಿ ಬರೆಯುತ್ತೇವೆ.

ಇದೇ ಜಿಲ್ಲೆಯ ಕಡೇಚೂರು ಬಾಡಿಯಾಳ ಕೈಗಾರಿಕಾ ಪ್ರದೇಶದ ಕಥೆಯೂ ಇದಕ್ಕೆ ದೂರದ್ದಲ್ಲ. ಮೂರು ಸಾವಿರ ಎಕರೆಗೂ ಮಿಕ್ಕ ರೈತರ ಭೂಮಿ ಅಲ್ಲಿ ಸ್ವಾಧೀನವಾಯಿತು. ರೈಲು ಬೋಗಿಗೆ ಸಂಬಂಧಿಸಿದ ಕಾರ್ಖಾನೆ ಬಂದಿತು, ಔಷಧ ಮತ್ತು ರಾಸಾಯನಿಕಗಳ ಘಟಕಗಳು ಬಂದುವು. ಅವುಗಳ ದುರ್ಗಂಧದ ಬಗೆಗೆ ಸುತ್ತಣ ಊರವರು ಕೂಗಿಕೊಂಡದ್ದೂ ಆಯಿತು. ಹೊಲ ಕೊಟ್ಟವರ ಮಕ್ಕಳಿಗೆ ಸಿಕ್ಕ ಕೆಲಸ ಎಷ್ಟೆಂಬ ಪ್ರಶ್ನೆಗೆ ಮಾತ್ರ ಆ ಊರುಗಳಲ್ಲಿ ನಗುವೇ ಉತ್ತರವಾಗಿ ಬರುತ್ತದೆ. 25 ಅಥವಾ ಅದಕ್ಕೆ ಮೇಲ್ಪಟ್ಟು ಜನರನ್ನು ದುಡಿಸಿಕೊಳ್ಳುವ ಖಾಸಗಿ ಉದ್ದಿಮೆಯು ತನ್ನ ಖಾಲಿ ಸ್ಥಾನಗಳನ್ನು ಉದ್ಯೋಗ ವಿನಿಮಯ ಕಚೇರಿಗೆ ತಿಳಿಸತಕ್ಕದ್ದೆಂದು 1959ರಷ್ಟು ಹಿಂದೆಯೇ ಈ ದೇಶದಲ್ಲಿ ಶಾಸನವಾಗಿತ್ತು. ತಿಳಿಸಿದವರೆಷ್ಟು, ತಿಳಿಸಿರೆಂದು ಕೇಳಿದವರೆಷ್ಟು ಎಂಬುದನ್ನು ಆ ಕಚೇರಿಗಳ ಧೂಳೇ ಹೇಳಬೇಕು.

ಹಾಗಾದರೆ ಕೈ ಹಿಡಿದು ನಡೆಸುವವರು ಯಾರೂ ಇಲ್ಲವೆ? ಇದ್ದಾರೆ, ಮತ್ತು ಆಶ್ಚರ್ಯದ ಸಂಗತಿಯೆಂದರೆ ಸರಕಾರವೇ ಅವರನ್ನು ನೇಮಿಸಿದೆ. ಸುಮಾರು ಎರಡು ದಶಕಗಳಿಂದ ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ‘ಗ್ರಾಮೀಣ ಪುನರ್ವಸತಿ ಕಾರ್ಯಕರ್ತ’ರೆಂಬವರು ಇದ್ದಾರೆ, ತಾಲ್ಲೂಕಿಗೆ ಒಬ್ಬರಂತೆ ‘ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ’ರು ಇದ್ದಾರೆ. ಇವರು ಸ್ವತಃ ವಿಕಲಚೇತನರು. ಊರಿನಲ್ಲಿ ಯಾರ ಮನೆಯಲ್ಲಿ ಯಾವ ಕೂಸು ಕಿವುಡೆಂಬುದನ್ನು ಬಲ್ಲವರು, ಅರ್ಜಿ ಬರೆದುಕೊಡುವವರು, ಆಸ್ಪತ್ರೆಗೆ ಜೊತೆಯಲ್ಲಿ ಹೋಗುವವರು, ಸಾಹೇಬರ ಬಾಗಿಲಲ್ಲಿ ಕಾಯುವುದೆಂದರೇನೆಂದು ತಮ್ಮ ಮೈಯಿಂದಲೇ ಅರಿತವರು. ನೊಂದವರೇ ನೊಂದವರಿಗೆ ನೆರವಾಗುವ ಇಂಥ ಏರ್ಪಾಟನ್ನು ಯೋಚಿಸಿದವರು ಯಾರೇ ಇರಲಿ, ಅವರಿಗೆ ನಮಸ್ಕಾರ. ಇವರಲ್ಲದೆ ಉದ್ಯೋಗ ಖಾತರಿಯ ಕೂಲಿಕಾರರನ್ನು ಸಂಘಟಿಸಲೆಂದು ಬಂದ ‘ಗ್ರಾಮ ಕಾಯಕ ಮಿತ್ರ’ ಹೆಂಗಸರಿದ್ದಾರೆ. ಹೆಂಗಸರ ಸ್ವಸಹಾಯ ಸಂಘಗಳ ‘ಸಂಜೀವಿನಿ’ ಒಕ್ಕೂಟದ ಸಖಿಯರಿದ್ದಾರೆ. ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾದ ಮೇಲೆ ಅಲ್ಲಿ ಗಣಕಯಂತ್ರದ ಮುಂದೆ ಕುಳಿತ ಮೇಲ್ವಿಚಾರಕರಿದ್ದಾರೆ. ದುಡಿಯುವ ತಾಯಂದಿರ ಕೂಸುಗಳಿಗಾಗಿ 2023–24ರ ಆಯವ್ಯಯದಲ್ಲಿ 4,000 ಗ್ರಾಮ ಪಂಚಾಯತಿಗಳಿಗೆ ‘ಕೂಸಿನ ಮನೆ’ ಘೋಷಿತವಾಯಿತು. ಎಳೆಗೂಸಿನ ತಾಯಿಗೆ ಕೆಲಸದ ಹಾದಿಯಲ್ಲಿ ಮಲಗಿದ ಅತಿ ದೊಡ್ಡ ಬಂಡೆಯನ್ನು ಸರಿಯಾಗಿ ಗುರುತಿಸಿದ ಯೋಜನೆಯದು. 2005ರ ಉದ್ಯೋಗ ಖಾತರಿ ಕಾಯಿದೆಯನ್ನು ನಮ್ಮ ರಾಜ್ಯ ನಡೆಸಿದ ಬಗೆಯಲ್ಲಿಯೂ, ಅರವತ್ತು ದಾಟಿದವರು ಮತ್ತು ವಿಕಲಚೇತನರು ಅಳತೆಯ ಅರ್ಧದಷ್ಟು ಕೆಲಸ ಮಾಡಿದರೂ ಪೂರ್ಣ ಕೂಲಿಯೆಂಬ ವಿವೇಕವಿತ್ತು. ನಿಯಮಗಳನ್ನು ಬರೆದವರಿಗೆ ಕರುಣೆಯಿಲ್ಲವೆಂದು ಹೇಳುವಂತಿಲ್ಲ.

ಕೊರತೆ ಇರುವುದು ಬೇರೆ ಕಡೆ. ಈ ಜನರೆಲ್ಲ ಬೇರೆ ಬೇರೆ ಇಲಾಖೆಗಳ ಅಡಿಯಲ್ಲಿ, ಬೇರೆ ಬೇರೆ ರಿಜಿಸ್ಟರುಗಳನ್ನು ಹಿಡಿದುಕೊಂಡು, ಒಂದೇ ಪಂಚಾಯತಿ ಕಟ್ಟೆಯ ಮೇಲೆ ಕುಳಿತಿದ್ದರೂ ಒಬ್ಬರ ಕೆಲಸ ಮತ್ತೊಬ್ಬರಿಗೆ ತಿಳಿಯದಂತೆ ಇದ್ದಾರೆ. ಪುನರ್ವಸತಿ ಕಾರ್ಯಕರ್ತನ ಕೆಲಸ ಕಾರ್ಡು ಮಾಡಿಸುವಲ್ಲಿಗೆ ಮುಗಿಯಿತು, ಸಖಿಯದು ಸಾಲ ಕೊಡಿಸುವಲ್ಲಿಗೆ. ಕಾರ್ಡು ಬಂದವನನ್ನು ಕಡೇಚೂರಿನ ಕಾರ್ಖಾನೆಯ ಬಾಗಿಲವರೆಗೆ ಕರೆದೊಯ್ದು, ಇವನಿಗೆ ನಿಂತು ಮಾಡುವ ಕೆಲಸ ಆಗದು, ಕುಳಿತು ಮಾಡುವುದನ್ನು ಕೊಟ್ಟು ನೋಡಿರೆಂದು ಮಾಲೀಕನೊಡನೆ ಮಾತಾಡಿ, ಮೊದಲ ತಿಂಗಳಲ್ಲಿ ನಾಲ್ಕಾರು ಸಲ ಹೋಗಿ ವಿಚಾರಿಸಿ, ಅವನು ಹೆದರಿ ಬಿಟ್ಟುಬಂದರೆ ಮತ್ತೆ ಧೈರ್ಯ ಹೇಳಿ ಕಳಿಸುವ ಹೊಣೆ ಯಾರದೂ ಅಲ್ಲ. ಬೆಂಗಳೂರಿನಲ್ಲಿ ಈ ಬಗೆಯ ದುಡಿಮೆ ಹೊಸದಲ್ಲ: ಎನ್. ಎಸ್. ಹೇಮಾ ಅವರು ಗಾಲಿಕುರ್ಚಿಯಲ್ಲಿ ಕುಳಿತೇ 1959ರಲ್ಲಿ ಅಂಗವಿಕಲರ ಸಂಸ್ಥೆಯೊಂದನ್ನು ಕಟ್ಟಿದರು. ದೃಷ್ಟಿಯಿಲ್ಲದ ಮಹಾಂತೇಶ ಕಿವಡಸಣ್ಣವರ ಅವರ ‘ಸಮರ್ಥನಂ’ 1997ರಿಂದ ನಡೆದಿದೆ. ವೈಕಲ್ಯವಿದ್ದವನು ಕೆಲಸಕ್ಕೆ ಒಗ್ಗಬಲ್ಲನೇ ಎಂಬುದು ಹೀಗೆ ಎಂದೋ ಇತ್ಯರ್ಥವಾದ ಪ್ರಶ್ನೆ. ರಾಜಧಾನಿಯಲ್ಲಿ ಇತ್ಯರ್ಥವಾದ ಪ್ರಶ್ನೆಯನ್ನು ಜಿಲ್ಲೆಗಳಲ್ಲಿ ಮತ್ತೆ ಮೊದಲಿನಿಂದ ಕೇಳುವುದು ನಮ್ಮ ಹಳೆಯ ಚಾಳಿ.

ಇಲ್ಲಿ ಸೇವೆಯ ಮಾತನ್ನೂ ಎತ್ತಬೇಕಾಗಿದೆ, ಏಕೆಂದರೆ ದುಡಿಮೆಯಿಂದ ದೂರ ಉಳಿದವನು ಕ್ರಮೇಣ ಊರಿನ ಎಲ್ಲ ವ್ಯವಹಾರಗಳಿಂದಲೂ ದೂರ ಉಳಿಯುತ್ತಾನೆ. ಆಸ್ಟ್ರಿಯಾ ದೇಶದ ಮಾರಿಯೆಂಥಾಲ್ ಎಂಬ ಗಿರಣಿಯೂರಿನಲ್ಲಿ ಬಟ್ಟೆಯ ಕಾರ್ಖಾನೆ ಮುಚ್ಚಿ ಊರಿಗೆ ಊರೇ ಕೆಲಸ ಕಳೆದುಕೊಂಡಾಗ, ಮಾರೀ ಯಹೋಡಾ ಮತ್ತು ಅವರ ಸಂಗಾತಿಗಳು ಅಲ್ಲಿಗೆ ಹೋಗಿ ಜನಜೀವನವನ್ನು ಅಭ್ಯಾಸಮಾಡಿ 1933ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಕೆಲಸವಿಲ್ಲದವರಿಗೆ ಹೊತ್ತು ಹೇರಳ, ಆದುದರಿಂದ ಓದು ಹೆಚ್ಚೀತು, ಸಂಘದ ಚಟುವಟಿಕೆ ಹೆಚ್ಚೀತು ಎಂದು ನಾವು ಊಹಿಸಿಯೇವು. ಆದದ್ದು ತದ್ವಿರುದ್ಧ: ಗ್ರಂಥಾಲಯದ ಚಂದಾವನ್ನು ತೆಗೆದುಹಾಕಿದರೂ ಪುಸ್ತಕ ಒಯ್ಯುವವರು ಕಡಿಮೆಯಾದರು, ಸಂಘಗಳು ಸೊರಗಿದುವು, ಬೀದಿಯಲ್ಲಿ ನಡೆಯುವ ಗಂಡಸರ ನಡಿಗೆಯೇ ನಿಧಾನವಾಯಿತು. ನಮ್ಮ ಹಳ್ಳಿಯ ಕಟ್ಟೆಗಳ ಮೇಲೆ ಪದವಿ ಮುಗಿಸಿ ಕುಳಿತ ಹುಡುಗರನ್ನು ಕಂಡವರಿಗೆ ಈ ವರ್ಣನೆ ಪರದೇಶದ್ದೆಂದು ತೋರಲಾರದು. ಅವರಿಗೆ ಮಾಸಾಶನ ಕೊಡುವ ಯುವನಿಧಿ 2024ರಲ್ಲಿ ಮೊದಲಾದದ್ದು ಒಳ್ಳೆಯದೇ. ಆದರೆ ಹಣದಿಂದ ಕೈ ತುಂಬೀತು, ಹೊತ್ತು ತುಂಬದು.

ಹೊತ್ತನ್ನು ತುಂಬುವ ಸೇವೆಯ ಪಾಠವನ್ನು ಈ ಸೀಮೆಗೆ ಯಾರೂ ಹೊರಗಿನಿಂದ ತಂದು ಹೇಳಬೇಕಾಗಿಲ್ಲ. ಮಗ್ಗದ ಕಾಯಕದ ದೇವರ ದಾಸಿಮಯ್ಯನ ಮುದನೂರು, ಕೆಂಭಾವಿ ಭೋಗಯ್ಯನ ಕೆಂಭಾವಿ ಇದೇ ಸುರಪುರದ ನೆಲದವು. ಕೃಷ್ಣೆಯ ದಡದ ತಿಂಥಣಿಯಲ್ಲಿ ಮೌನೇಶ್ವರನ ಜಾತ್ರೆಗೆ ಹಿಂದೂ ಮುಸಲ್ಮಾನರಿಬ್ಬರೂ ನೆರೆಯುತ್ತಾರೆ. ಮೈಲಾಪುರದ ಮಲ್ಲಯ್ಯನ ಜಾತ್ರೆ ಸಂಕ್ರಾಂತಿಗೆ ನಾಡನ್ನೇ ಕರೆಯುತ್ತದೆ. ಜಾತ್ರೆಯ ದಾಸೋಹದಲ್ಲಿ ಕುಂಟನಿಗೂ ಕೆಲಸವಿದೆ, ಮುದುಕಿಗೂ ಕೆಲಸವಿದೆ. ಕಾಯಿಪಲ್ಲೆ ಹೆಚ್ಚುವವರಿಗೆ, ಎಲೆ ಹಾಸುವವರಿಗೆ ಯಾರೂ ಪ್ರಮಾಣಪತ್ರ ಕೇಳುವುದಿಲ್ಲ. ಜಾತ್ರೆ ಮುಗಿದ ಮರುದಿನದಿಂದ ಇವರು ಕೊಡಲು ಬಲ್ಲವರೆಂಬುದನ್ನು ಊರು ಮರೆಯುತ್ತದೆ. ಅಂದಿನಿಂದ ಇವರು ‘ಫಲಾನುಭವಿ’ಗಳು ಮಾತ್ರ. ಶಾಲೆಯ ಬಿಸಿಯೂಟದ ಮೇಲ್ವಿಚಾರಣೆಯಲ್ಲಿ, ಅರಿವು ಕೇಂದ್ರದ ಸಂಜೆಯ ಓದಿನಲ್ಲಿ, ಕೆರೆಯ ಕಾವಲಿನಲ್ಲಿ, ಪಂಚಾಯತಿಯ ಸಮಿತಿಗಳಲ್ಲಿ ಇವರಿಗೆ ಸ್ಥಾನವಿತ್ತರೆ, ನಾಲ್ಕು ಜನರೊಡನೆ ಮಾತಾಡುವ ಬಳಕೆ ಮರಳುತ್ತದೆ. ಎಷ್ಟೋ ಮಂದಿಗೆ ವೇತನದ ಕೆಲಸಕ್ಕೆ ಅದೇ ಮೊದಲ ಮೆಟ್ಟಿಲು.

ಆದರೆ ಈ ಮಾತಿಗೆ ಒಂದು ಬೇಲಿ ಹಾಕದಿದ್ದರೆ ಅನರ್ಥವಾದೀತು. ಸೇವೆಯ ಹೆಸರಿನಲ್ಲಿ ಬಡವರ ದುಡಿಮೆಯನ್ನು ಅಗ್ಗಕ್ಕೆ ಕೊಳ್ಳುವ ಅಭ್ಯಾಸ ನಮ್ಮ ಸರಕಾರಗಳಿಗೆ ಚೆನ್ನಾಗಿ ಒಗ್ಗಿದೆ. ಆಶಾ ಕಾರ್ಯಕರ್ತೆಯರು ಹಗಲಿರುಳು ಮನೆಮನೆ ತಿರುಗಿದರೂ ಯೋಜನೆಯ ಕಣ್ಣಿಗೆ ಅವರು ನೌಕರರಲ್ಲ, ಸ್ವಯಂಸೇವಕಿಯರು. ತಿಂಗಳಿಗೆ 10,000 ರೂಪಾಯಿಯ ಭರವಸೆ ಪಡೆಯಲಿಕ್ಕೆ ಅವರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಕಳೆಯಬೇಕಾಯಿತು. ಪುನರ್ವಸತಿ ಕಾರ್ಯಕರ್ತರದೂ ಗೌರವಧನದ ಬದುಕೇ. ಪರರನ್ನು ಕೆಲಸಕ್ಕೆ ಸೇರಿಸಬೇಕಾದವನಿಗೇ ಕೆಲಸದ ಭದ್ರತೆ ಇಲ್ಲದಿರುವಾಗ ಅವನ ಮಾತಿಗೆ ಮಾಲೀಕನೆದುರು ಬೆಲೆ ಎಷ್ಟಿದ್ದೀತು? ಉಳ್ಳವರು ಬಿಡುವಿನ ವೇಳೆಯಲ್ಲಿ ಮಾಡುವುದು ಸೇವೆಯಾಗಲಿ. ಇಲ್ಲದವರು ಹೊಟ್ಟೆಗಾಗಿ ಮಾಡುವುದಕ್ಕೆ ಕೂಲಿ ಸಲ್ಲಲಿ.

ಆಗಬೇಕಾದದ್ದು ದೊಡ್ಡದೇನೂ ಅಲ್ಲ. ಪ್ರತಿಯೊಂದು ಪಂಚಾಯತಿಯ ಅರಿವು ಕೇಂದ್ರದಲ್ಲಿ, ಸಂತೆಯ ದಿನ ಬಿಟ್ಟು ವಾರದ ಒಂದು ಗೊತ್ತಾದ ದಿನ, ಪುನರ್ವಸತಿ ಕಾರ್ಯಕರ್ತ, ಕಾಯಕ ಮಿತ್ರ, ಸಖಿ ಮೂವರೂ ಒಂದೇ ಮೇಜಿನ ಮುಂದೆ ಕೂಡಲಿ. ಅವರ ಮುಂದಿರಲಿ ಒಂದೇ ಪುಸ್ತಕ: ಊರಿನಲ್ಲಿ ಯಾರಿಗೆ ಕೆಲಸ ಬೇಕಾಗಿದೆ, ಅವರಿಗೂ ಕೆಲಸಕ್ಕೂ ನಡುವೆ ಅಡ್ಡ ಬಂದಿರುವುದು ಕಾಗದವೋ, ಕೂಸೋ, ಕಾಲೋ, ಅಂಜಿಕೆಯೋ ಎಂಬುದನ್ನು ಬರೆದದ್ದು. ವೈದ್ಯರು ತಿಂಗಳಿಗೊಮ್ಮೆ ಹುಣಸಗಿಗೂ ಕೆಂಭಾವಿಗೂ ಬರಲಿ. ನೂರು ರೋಗಿಗಳು ಯಾದಗಿರಿಗೆ ಹೋಗುವುದಕ್ಕಿಂತ ಮೂವರು ವೈದ್ಯರು ಜೀಪು ಹತ್ತುವುದು ಅಗ್ಗ. ಕಡೇಚೂರಿನ ಕಾರ್ಖಾನೆಗಳು ಖಾಲಿ ಸ್ಥಾನಗಳ ಪಟ್ಟಿಯನ್ನು ಕನ್ನಡದಲ್ಲಿ ಈ ಮೇಜಿಗೆ ಕಳಿಸಲಿ. ಹೊಸಬನ ಮೊದಲ ಕೆಲವು ತಿಂಗಳ ಕೂಲಿಯ ಒಂದು ಪಾಲನ್ನು ಸರಕಾರ ಹೊತ್ತರೆ ಮಾಲೀಕನ ಹಿಂಜರಿಕೆಯೂ ಅಳಿದೀತು. ಇದಕ್ಕೆ ಹಣವೆಲ್ಲಿ ಎಂದು ಕೇಳುವವರುಂಟು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಆಯವ್ಯಯಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿಯ ಮಾತು ಬಂದಿದೆ. ಸಿಸಿ ರಸ್ತೆ, ಸಮುದಾಯ ಭವನಗಳ ಮೇಲೆ ನನಗೆ ದ್ವೇಷವಿಲ್ಲ. ಆದರೆ ಬೀಗ ಹಾಕಿದ ಭವನಗಳು ಈ ಜಿಲ್ಲೆಯಲ್ಲಿ ಸಾಕಷ್ಟಿವೆ, ಕೈ ಹಿಡಿದು ನಡೆಸುವ ಮನುಷ್ಯರು ಸಾಲರು. ಜಿಲ್ಲೆಯ ಸುಮಾರು 120 ಪಂಚಾಯತಿಗಳಲ್ಲಿ ಇಂಥ ಒಬ್ಬೊಬ್ಬರಿಗೆ ಗೌರವಯುತ ಸಂಬಳ ಕೊಡುವುದು ಆ ಮೊತ್ತದ ಎದುರು ಲೆಕ್ಕಕ್ಕೇ ಬಾರದ ಖರ್ಚು.

ಮಂಡಳಿಯ ಮಾತು ಮಂಡಳಿಗೆ ಮುಟ್ಟಲಿ. ಅಷ್ಟರವರೆಗೆ ಕಾಯಬೇಕಾಗಿಲ್ಲದ ಕೆಲಸವೊಂದು ಓದುಗರ ಕೈಯಲ್ಲಿಯೇ ಇದೆ. ಗ್ರಾಮ ಪಂಚಾಯತಿಯ ಹಣದಲ್ಲಿ ಶೇ 5ರಷ್ಟು ವಿಕಲಚೇತನರಿಗಾಗಿ ಮೀಸಲಿರಬೇಕೆಂಬುದು ಈಗಾಗಲೇ ಇರುವ ನಿಯಮ. ಮುಂದಿನ ಗ್ರಾಮಸಭೆಗೆ ನಿಮ್ಮೂರಿನ ಅಂಥವರೊಬ್ಬರನ್ನು ಜೊತೆಯಲ್ಲಿ ಕರೆದುಕೊಂಡು ಹೋಗಿರಿ, ಮುಂದಿನ ಸಾಲಿನಲ್ಲಿ ಕುಳ್ಳಿರಿಸಿರಿ. ಹೋದ ವರ್ಷದ ಆ ಹಣ ಎಷ್ಟಾಯಿತು, ಯಾರಿಗೆ ಕೆಲಸ ಕಲಿಸಲು ಹೋಯಿತು ಎಂಬುದನ್ನು ಅವರ ಬಾಯಿಂದಲೇ ಕೇಳಿಸಿ, ಉತ್ತರವನ್ನು ನಡಾವಳಿಯ ಪುಸ್ತಕದಲ್ಲಿ ಬರೆಯಿಸಿ ಬನ್ನಿರಿ.